ಮಣ್ಣಿಗೆ ತಾಗದ ಬೆನ್ನು

ನಮ್ಮ ಉಸ್ತಾದರ ಎರಡು ಕಿವಿಯೂ ಜಜ್ಜಿಹೋಗಿದ್ದವು. ಎಡಗಿವಿಯಂತೂ ಮುದುಡಿ, ಒಣಗಿದ ಅಂಜೂರದ ಹಾಗೆ ತಲೆಗೆ ಅಂಟಿಕೊಂಡಿತ್ತು. ವರ್ಷಗಟ್ಟಲೆ ಎದುರಾಳಿಗಳ ತಲೆಗೆ ತಲೆ ಕೊಟ್ಟು ತಿಕ್ಕಾಡಿದ್ದಕ್ಕೆ ಸಿಕ್ಕ ಬಹುಮಾನ ಅದು. ಹಾಗಂತ ಕಿವುಡರೇನಲ್ಲ, ಬೇಕಾದ್ದೆಲ್ಲ ಕೇಳಿಸುತ್ತಿತ್ತು.

ದೊಡ್ಡಬಳ್ಳಾಪುರದ ಹಳೇ ಗರಡಿಮನೆಯಲ್ಲಿ ಅವರು ಕುಸ್ತಿ ಕಲಿಸುತ್ತಿದ್ದರು. ಬಾಯಿಗಿಂತ ಕೈ ಮುಂದು. ಪಟ್ಟು ತಪ್ಪಿದರೆ ಒಂದು ಗುದ್ದು, ಹೆದರಿ ತಪ್ಪಿದರೆ ಎರಡು. ಒಮ್ಮೆ ಒಬ್ಬ ಶಿಷ್ಯ ಸೋಲುವ ಹೊತ್ತಿಗೆ ಎದುರಿನವನ ಕಣ್ಣಿಗೆ ಮಣ್ಣು ಉಜ್ಜಿ ಗೆದ್ದ. ಉಸ್ತಾದರು ಅವನ ಬೆರಳು ಹಿಡಿದು ಹಿಂದಕ್ಕೆ ಮುರಿದೇಬಿಟ್ಟರು. ಆ ಲಟಕ್ ಸದ್ದು ನನಗಿನ್ನೂ ಕೇಳಿಸುತ್ತದೆ. "ಮುಖ ನೋಡ್ಕಂಡು ಹೊಡಿ, ಮುಖ ನೋಡ್ಕಂಡು ಹೊಡೆಸ್ಕೋ" ಅಂದವರು, ತಾವೇ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಅವರು ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಯಾರಾದರೂ ದೂರು ಕೊಟ್ಟಿದ್ದರೆ ಒಳಗೆ ಹೋಗಬೇಕಾದವರೇ.

ನಾನು ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಗರಡಿಗೆ ಹೋಗುತ್ತಿದ್ದೆ. ಕುಸ್ತಿಯ ಕೆಂಪು ಮಣ್ಣಿಗೆ ಹೆಂಗಸು ಇಳಿಯಬಾರದು ಅಂತ ಬೀದಿಯ ದೊಡ್ಡಮನುಷ್ಯನೊಬ್ಬ ಗಲಾಟೆಗೆ ಬಂದ. ಉಸ್ತಾದರು ಅವನ ಕೊರಳಪಟ್ಟಿ ಹಿಡಿದು ಎಳೆದು ಮಣ್ಣಿಗೆ ಎಸೆದರು. "ಈಗ ನೀನೂ ಇಳ್ದ್ಯಲ್ಲಪ್ಪಾ. ಅವಳ ಜೊತೆ ಆಡು. ಗೆದ್ರೆ ಅವಳನ್ನ ಮನೆಗೆ ಕಳಿಸ್ತೀನಿ." ನಾನು ಅವನ ಕತ್ತು ಕಂಕುಳಲ್ಲಿ ಸಿಕ್ಕಿಸಿ ತಿರುಚಿದೆ. ಮೂಗಿನಿಂದ ರಕ್ತ ಬಂತು. ಆಮೇಲೆ ಯಾರೂ ಬರಲಿಲ್ಲ. ಆ ಸಂಜೆ ನನಗಾದ ಸಂತೋಷ ಮದುವೆಯ ದಿನವೂ ಆಗಲಿಲ್ಲ.

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ತಮ್ಮ ಬೆನ್ನು ಯಾವತ್ತೂ ತಾಗಿಲ್ಲ ಅನ್ನುವ ಹಮ್ಮು ಅವರಿಗೆ. ಮನೆಯಲ್ಲೂ ಮಗ್ಗುಲಾಗಿಯೇ ಮಲಗುತ್ತಿದ್ದರು. ಬೆನ್ನು ನೋವು ಶುರುವಾದಾಗ ಬೋರಲಾಗಿ ಮಲಗಿ, ಶಿಷ್ಯರನ್ನು ಬೆನ್ನಮೇಲೆ ನಿಲ್ಲಿಸಿ ತುಳಿಸಿಕೊಂಡರು. ನಾನೂ ತುಳಿದಿದ್ದೇನೆ. ಒಳಗೆ ಏನಿದೆಯೆಂದು ಯಾರಿಗೆ ಗೊತ್ತಿತ್ತು?

ಒಂದು ದಿನ ನನಗೆ ಪಟ್ಟು ತೋರಿಸುತ್ತಿದ್ದಾಗ ನಾನು ಅವರನ್ನು ಎತ್ತಿ ಎಸೆದುಬಿಟ್ಟೆ. ಗೆದ್ದೆ ಅಂತ ಕಿರುಚಿದೆ. ಅವರು ಗಾಳಿಯಲ್ಲೇ ತಿರುಗಿ ಮಗ್ಗುಲಿಗೆ ಬಿದ್ದರು. "ಬೆನ್ನು ತಾಗಿಲ್ಲ, ನೋಡ್ಕೋ!" ಅಂತ ಗರ್ಜಿಸಿದರು. ಆಮೇಲೆ ಏಳಲು ಹೋದರೆ ಕಾಲು ಏಳಲಿಲ್ಲ. ಎಬ್ಬಿಸಲು ಬಂದವನ ಕೆನ್ನೆಗೆ ಬಾರಿಸಿದರು. ನಾನು ದೂರ ನಿಂತು ಅತ್ತೆ.

ಉಸ್ತಾದರಿಗೆ ಹೆಂಡತಿ ಮಕ್ಕಳಿರಲಿಲ್ಲ. ಪವರ್‌ಲೂಮ್ ನಡೆಸುವ ತಮ್ಮನೊಬ್ಬರಿದ್ದರು. ಆ ತಮ್ಮನೂ ನಾನೂ ಸೇರಿ ಉಸ್ತಾದರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನಿಗೆ ಅಂಗಾತ ಮಲಗಬೇಕು ಅಂದದ್ದೇ ತಡ, ಅಲ್ಲಿನ ನೌಕರನ ತುಟಿ ಒಡೆಯಿತು. ಇನ್ನಿಬ್ಬರು ಗೋಡೆಗೆ ಹೋಗಿ ಬಿದ್ದರು. ನನಗೆ ರೇಗಿಹೋಯಿತು. ಎರಡೂ ಭುಜ ಒತ್ತಿ ಹಿಡಿದು ಕೂಗಿದೆ, "ಇದು ಮಣ್ಣಲ್ಲ ಉಸ್ತಾದ್ರೇ, ಪ್ಲಾಸ್ಟಿಕ್ಕು! ಮಲಗ್ತೀರೋ ಇಲ್ವೋ?" ಅವರು ಕೊಸರಾಡಿದರು, ನನ್ನ ಮುಂಗೈ ಕಚ್ಚಿದರು, ಕೊನೆಗೆ ನಕ್ಕರು. "ಹಿಡಿತ ಚೆನ್ನಾಗೈತೆ ಕಣೇ" ಅಂದು ಮಲಗಿದರು.

ಬೆನ್ನುಮೂಳೆಯಲ್ಲಿ ಗಡ್ಡೆ. ಅದನ್ನು ಕೆರೆದು ತೆಗೆದು, ಸಡಿಲವಾದ ಮೂಳೆಯನ್ನು ಸ್ಕ್ರೂ, ಕಂಬಿ ಹಾಕಿ ನಿಲ್ಲಿಸಬೇಕು ಅಂದರು ಡಾಕ್ಟರಮ್ಮ. ಕಂಬಿ ಎರಡು ಬಗೆ. ಒಂದು ಟೈಟಾನಿಯಂ ಲೋಹದ್ದು, ಆಪರೇಷನ್ ಹೊತ್ತಲ್ಲೇ ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಬಹುದು, ಬಹುಕಾಲದಿಂದ ಬಳಕೆಯಲ್ಲಿರುವಂಥದ್ದು. ಇನ್ನೊಂದು ಕಾರ್ಬನ್ ನಾರನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೇರಿಸಿ ಮಾಡಿದ್ದು, ಅಲ್ಲಿ ಬಗ್ಗಿಸಲು ಬಾರದು.

ಉಸ್ತಾದರ ತಮ್ಮ ಮಧ್ಯೆ ಬಾಯಿ ಹಾಕಿದರು. "ಲೋಹನೇ ಹಾಕ್ಸೋಣ ಅಣ್ಣಾ. ವಿಮಾನಕ್ಕೆ ಹಾಕ್ತಾರಂತೆ. ಇನ್ನೊಂದು ನೂಲು ಕಣಣ್ಣ, ನೂಲು! ನನ್ನ ಮಗ್ಗದಲ್ಲಿ ದಿನಾ ಕಿತ್ತೋಗೋದು ನೋಡ್ತಿಲ್ವಾ?"

ಉಸ್ತಾದರು ಡಾಕ್ಟರನ್ನೇ ಕೇಳಿದರು. "ಅವನು ವಾಪಸ್ ಬರ್ತಾನಾ?"

"ಗಡ್ಡೆನಾ? ಬರಬಹುದು. ಆಪರೇಷನ್ ಆದ್ಮೇಲೆ ರೇಡಿಯೇಷನ್ ಕೊಡ್ತೀವಿ. ಆದರೂ ಆಗಾಗ ಸ್ಕ್ಯಾನ್ ಮಾಡಿ ನೋಡ್ತಿರಬೇಕು."

"ಬಂದ್ರೆ ಕಾಣ್ತಾನಾ?"

"ಟೈಟಾನಿಯಂ ಇದ್ರೆ ಸ್ಕ್ಯಾನಲ್ಲಿ ಅದರ ಸುತ್ತ ಮಸುಕು ಬರುತ್ತೆ. ಪಕ್ಕದಲ್ಲೇ ಬೆಳೆದರೆ ಗೊತ್ತಾಗೋದು ಕಷ್ಟ. ರೇಡಿಯೇಷನ್ನಿಗೆ ಗುರಿ ಹಿಡಿಯೋಕೂ ತೊಡಕು. ಕಾರ್ಬನ್ನಲ್ಲಿ ಚೆನ್ನಾಗಿ ಕಾಣುತ್ತೆ."

"ಕಣ್ಣಿಗೆ ಮಣ್ಣು ಉಜ್ಜೋ ಲೋಹ ನಂಗೆ ಬ್ಯಾಡ," ಅಂದರು ಉಸ್ತಾದರು. "ನೂಲೇ ಹಾಕಿ." ಅವರ ತಮ್ಮ ಮೇಜು ಗುದ್ದಿ ಎದ್ದುಹೋದರು. ಅಣ್ಣ ಬಗ್ಗಿದಾಗ ಅದು ಕಿತ್ತುಬರುತ್ತದೆ ಅನ್ನುವ ಭಯ ಅವರಿಗೆ, ಭಯವಾದಾಗ ಜಗಳವಾಡುವುದು ಆ ಮನೆಯ ರೂಢಿ.

ಆಪರೇಷನ್ ಆಯಿತು, ರೇಡಿಯೇಷನ್ ಆಯಿತು. ಉಸ್ತಾದರು ಮತ್ತೆ ನಡೆದರು. ಗರಡಿಯಲ್ಲಿ ಕುರ್ಚಿ ಹಾಕಿ ಕೂತು, ಕೈಗೆ ಸಿಕ್ಕವರಿಗೆ ಬೆತ್ತದಲ್ಲಿ ಬಾರಿಸಿದರು. ನನ್ನ ಮೊಣಕಾಲಿನ ಕೆಳಗೆ ಆ ಬರೆ ಇನ್ನೂ ಇದೆ. ಅದನ್ನು ಮುಟ್ಟಿಕೊಂಡರೆ ಅವರು ಬೇಕು ಅನ್ನಿಸುತ್ತದೆ.

ಮುಂದಿನ ಬೇಸಿಗೆಯ ಸ್ಕ್ಯಾನಿನಲ್ಲಿ ಕಂಬಿಯ ಪಕ್ಕದಲ್ಲೇ ಬಿಳಿ ಚುಕ್ಕೆ, ಅಷ್ಟು ಸ್ಪಷ್ಟ. ಉಸ್ತಾದರು ಪರದೆಗೆ ಮುಖ ಹಚ್ಚಿ ನೋಡಿದರು. "ಬಂದವ್ನೆ" ಅಂದರು. ಚುಕ್ಕೆ ಚಿಕ್ಕದಿರುವಾಗಲೇ ಸಿಕ್ಕಿತೆಂದು ಮತ್ತೆ ರೇಡಿಯೇಷನ್ ಕೊಟ್ಟರು, ಇನ್ನೂ ಕೆಲಕಾಲ ಅವರ ಬೈಗುಳ ನಮಗೆ ದಕ್ಕಿತು. ಆಮೇಲೆ ಗಡ್ಡೆ ಶ್ವಾಸಕೋಶಕ್ಕೆ ಹತ್ತಿತು. ಒಂದು ಮಧ್ಯಾಹ್ನ ಮಗ್ಗುಲಾಗಿ ಮಲಗಿದ್ದ ಹಾಗೇ ಹೋದರು.

ತೂಬಗೆರೆಯ ಹತ್ತಿರ ಅವರ ಹೊಲದಲ್ಲೇ ಗುಂಡಿ ತೆಗೆದಿದ್ದರು. ಎಲ್ಲರಂತೆ ಅಂಗಾತ ಇಳಿಸಲು ಹೊರಟರು. "ನಿಲ್ಸಿ!" ಅಂತ ಕೂಗಿದೆ. "ಮಗ್ಗುಲಿಗೆ ಮಲಗ್ಸಿ. ಬೆನ್ನು ಮಣ್ಣಿಗೆ ತಾಗಬಾರದು." ಹೆಂಗಸು ಇಲ್ಲಿಗೆ ಬಂದದ್ದೇ ತಪ್ಪು ಅಂತ ಹಿರಿಯನೊಬ್ಬ ನನ್ನ ರಟ್ಟೆ ಹಿಡಿದ. ಎದೆಗೆ ಒದ್ದೆ, ಮಣ್ಣಿನ ಗುಡ್ಡೆ ಮೇಲೆ ಬಿದ್ದ. ಗುಂಡಿಗೆ ಧುಮುಕಿದೆ. ಮೇಲಿಂದ ಹೆಂಟೆ ಬಿದ್ದು ಹಣೆ ಒಡೆಯಿತು. ಇನ್ನೊಬ್ಬರು ಧುಮುಕಿದರು. ಹೊಡೆಯಲು ಬಂದರು ಅಂದುಕೊಂಡೆ. ಉಸ್ತಾದರ ತಮ್ಮ. ಮೇಲಿಂದ ಇಳಿದುಬರುತ್ತಿದ್ದ ಅಣ್ಣನ ಭುಜಕ್ಕೆ ಕೈ ಕೊಟ್ಟರು.

ಇಬ್ಬರೂ ಸೇರಿ ಮಗ್ಗುಲಾಗಿಸಿ, ಬೆನ್ನಿನ ಹಿಂದೆ ಹುಲ್ಲು ಒತ್ತಿದೆವು. ಆಪರೇಷನ್ನಿನ ಹೊಲಿಗೆಯ ಗುರುತಿನ ಮೇಲೆ ಅವರ ತಮ್ಮ ಅಂಗೈ ಇಟ್ಟು ಮೇಲಿಂದ ಕೆಳಗಿನವರೆಗೂ ಸವರಿದರು.

"ನೂಲು ಕಿತ್ತಿಲ್ಲ ಕಣಮ್ಮಾ," ಅಂದರು.