ಬಾಡಿಗೆ ಕೋಣೆಯಲ್ಲಿ ಅನಾತ್ಮವಾದ

ಎರಡು ವರ್ಷ ತತ್ವಶಾಸ್ತ್ರ ಓದಿ, ಬುದ್ಧನ ಅನಾತ್ಮವಾದದ ಮೇಲೆ ಹದಿನಾರು ಪುಟದ ಉತ್ತರ ಬರೆದು ಪಾಸಾದವಳು ನಾನು. ಆದರೆ ಆ ವಾದ ಎಷ್ಟು ಅನುಕೂಲದ್ದೆಂದು ತಿಳಿದದ್ದು ಬೈಲಹೊಂಗಲದಲ್ಲಿ ಬಾಡಿಗೆ ಕೋಣೆ ಹುಡುಕುವಾಗ.

ಅಲ್ಲಿನ ಕಾಲೇಜಿನಲ್ಲಿ ಹಂಗಾಮಿ ಕೆಲಸ ಸಿಕ್ಕಿತ್ತು. ಕೋಣೆ ಸಿಗದಿದ್ದರೆ ನಮ್ಮೂರು ಸವದತ್ತಿಯಿಂದ ದಿನಾ ಬಸ್ಸು. ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡದ ಭಕ್ತರ ನಡುವೆ ಒಂಟಿಕಾಲಿನ ಪ್ರಯಾಣ. ಟ್ರಂಕು ಮತ್ತು ಅವ್ವ ಹೊಲಿದ ಕೌದಿ ಹಿಡಿದು ಒಬ್ಬ ನಿವೃತ್ತ ಪ್ರಾಚಾರ್ಯರ ಮನೆಗೆ ಹೋದೆ. ಷೋಕೇಸಿನಲ್ಲಿ ಗೊಂಬೆಗಳ ನಡುವೆ ಬುದ್ಧ ಕಣ್ಣು ಮುಚ್ಚಿ ಕುಳಿತಿದ್ದ. ಆ ಮನೆಯಲ್ಲಿ ಅದೇ ಜಾಣತನ.

ನಾನು ಓದಿದ ವಿಷಯ ಕೇಳಿ ಪ್ರಾಚಾರ್ಯರು ಅರಳಿದರು.

"ಈ ಕೌದೀನ ನೋಡು ತಂಗಿ. ಹಳೇ ಸೀರಿ ತಗಿ, ಧೋತರ ತಗಿ, ದಾರಾ ಬಿಚ್ಚು. ಕೌದಿ ಎಲ್ಲೈತಿ? ಹಂಗಽ ‘ನಾನು’ ಅಂಬೂದು ಇಲ್ಲಽ ಇಲ್ಲ!"

ನನ್ನ ಹದಿನಾರು ಪುಟಕ್ಕಿಂತ ಚೆನ್ನಾಗಿತ್ತು. ತಲೆದೂಗಿದೆ.

"ಅಂದಂಗ, ಅಡ್ಡಹೆಸರೇನು?"

ನಮ್ಮ ಕಡೆ ಅಡ್ಡಹೆಸರು ಹೇಳಿದರೆ ಓಣಿಯೂ ತಿಳಿಯುತ್ತದೆ. ಅದಕ್ಕೇ ನಾನು ಅದನ್ನು ಬಳಸುವುದಿಲ್ಲ. "ನಾವು ಬೌದ್ಧರ್ರಿ" ಎಂದೆ.

"ಭಾಳ ಛಲೋ. ಅದಕ್ಕಿಂತ ಮೊದಲು?"

ಆತ್ಮವೇ ಇಲ್ಲದವಳಿಗೆ ಪೂರ್ವಜನ್ಮದ ವಿಚಾರಣೆ! ಹೇಳಿದೆ. ಒಳಗಿನಿಂದ ಅವರ ಹೆಂಡತಿ ಕೆಮ್ಮಿದರು. ಆ ಕೋಣೆಗೆ ಅಳಿಯ ಬರುವವನಿದ್ದಾನೆಂದು ಪ್ರಾಚಾರ್ಯರಿಗೆ ಆಗಲೇ ನೆನಪಾಯಿತು. ಎಷ್ಟು ಬಿಚ್ಚಿದರೂ ಕೌದಿಯಲ್ಲಿ ಒಂದು ತುಂಡು ಉಳಿಯುತ್ತದೆ. ಅದು ಹೊದ್ದವರಿಗಿಂತ ನೋಡುವವರಿಗೇ ಚೆನ್ನಾಗಿ ಕಾಣುತ್ತದೆ.

ಮನೆಗೆ ಬಂದು ಹೇಳಿದಾಗ ಅವ್ವ ಕೇಳಿದ್ದು ಇಷ್ಟೇ: "ನಾನು ಇಲ್ಲ ಅನ್ನಾಂವಗ ಅಷ್ಟು ದೊಡ್ಡ ಮನಿ ಯಾಕ ಬೇಕಿತ್ತವಾ?"

ಆ ವರ್ಷ ನಮ್ಮ ಕಾಲೇಜಿಗೆ ಬುದ್ಧನ ಬಗ್ಗೆ ಉಪನ್ಯಾಸ ಕೊಡಲು ಬಂದವರೂ ಅವರೇ. ಅದೇ ಕೌದಿ ಬಿಚ್ಚಿದರು. ಯಾರ ಕೌದಿ ಎಂದು ಹೇಳಲಿಲ್ಲ. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಮೈಕಿನವರಿಗೆ, ಕುರ್ಚಿ ಹಾಕಿದವರಿಗೆ, ಚಹಾ ಮಾಡಿದವರಿಗೆ ಹೆಸರು ಹಿಡಿದು ವಂದಿಸಿ ಕುಳಿತೆ.

ಪ್ರಾಚಾರ್ಯರು ಹಾರದೊಳಗಿಂದಲೇ ನನ್ನ ಕಡೆ ಬಾಗಿದರು. "ಮೇಡಂ, ಹೆಸರಽ ಬಿಟ್ರಲ್ಲಾ!"

"ಯಾರದ್ರಿ, ಸರ್?"

ಸಂಜೆ ಬಸ್ಸಿನಲ್ಲಿ ಸವದತ್ತಿಯವರೆಗೂ ನಿಂತೇ ಬಂದೆ. ನನ್ನೊಳಗಿನ ‘ನಾನು’ ಮಾತ್ರ ಇಬ್ಬರು ಕೂರುವ ಸೀಟಿನಷ್ಟು ಉಬ್ಬಿತ್ತು. ಬುದ್ಧ ಹೇಳಿದ್ದು ನಿಜವೇ ಇರಬೇಕು. ನಾನೂ ಈ ‘ನಾನು’ ಎಂಬುದನ್ನು ಬಿಟ್ಟುಬಿಡುತ್ತೇನೆ. ಪ್ರಾಚಾರ್ಯರು ಬಿಟ್ಟ ಮಾರನೆಯ ದಿನವೇ.