ಹುಣಸೆಹಣ್ಣು ಹಾಕಿ ತಿಕ್ಕಿದ ಪದಕ

ನಾನಿನ್ನೂ ಚಿಕ್ಕವಳು, ಎಂಟು ತುಂಬಿತ್ತೋ ಇಲ್ಲವೋ. ಆದರೆ ಹೊಟ್ಟೆಕಿಚ್ಚಿನಲ್ಲಿ ಮಾತ್ರ ಊರಿಗೇ ದೊಡ್ಡವಳಾಗಿದ್ದೆ, ಮಕ್ಕಳೇ! ನಮ್ಮದು ತೂಬಗೆರೆ ಪಕ್ಕದ ಹಳ್ಳಿ. ಅಣ್ಣ ಯುದ್ಧವಿಮಾನ ಹಾರಿಸಲು ಬರ್ಮಾದ ಕಡೆ ಹೋದಮೇಲೆ ಅಪ್ಪ ಪೂರ್ತಿ ನನ್ನವನಾಗಿದ್ದ. ದಿನಾ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ತಟ್ಟೆಯ ಬಿಸಿ ಮುದ್ದೆ ಮುರಿದು, ಹುರುಳಿ ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ನನ್ನ ಬಾಯಿಗೇ ಇಡುತ್ತಿದ್ದ.

ಎರಡನೇ ಮಹಾಯುದ್ಧ ಮುಗಿದ ವರ್ಷ, ಆಯುಧಪೂಜೆಗೆ ಎರಡು ದಿನ ಮುಂಚೆ ಅಣ್ಣ ರಜೆಯ ಮೇಲೆ ಬಂದ. ಎದೆಯ ಮೇಲೊಂದು ಬೆಳ್ಳಿ ಪದಕ. ರೆಕ್ಕೆಗೆ ಗುಂಡು ಬಿದ್ದರೂ ವಿಮಾನ ಹಿಂದಕ್ಕೆ ತಿರುಗಿಸದೆ, ಕಾಡಿನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ಕಾಪಾಡಿದ್ದಕ್ಕೆ ಕೊಟ್ಟಿದ್ದಂತೆ. ಅಷ್ಟೇ, ನನ್ನ ಕಥೆ ಮುಗಿಯಿತು. ಮೊದಲ ತುತ್ತು ಅಣ್ಣನಿಗೆ ಹೋಯಿತು. ಅಪ್ಪ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಪದಕ ತೋರಿಸಿದ್ದೇ ತೋರಿಸಿದ್ದು. ನಾನು ಹತ್ತಿರ ಹೋದರೆ, "ಲೇ, ಆ ಕಡೆ ಹೋಗು, ಬೆಳಕಿಗೆ ಅಡ್ಡ ಬರ್ಬ್ಯಾಡ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಆಯುಧಪೂಜೆಯ ಬೆಳಿಗ್ಗೆ ಮನೆಯ ಕಬ್ಬಿಣ, ಹಿತ್ತಾಳೆಯನ್ನೆಲ್ಲ ತೊಳೆದು ಪೂಜೆಗಿಡುವುದು ನಮ್ಮ ಪದ್ಧತಿ. ತಿಕ್ಕುವ ಕೆಲಸ ನನ್ನದು. ನೇಗಿಲ ಗುಳ, ಕುಡುಗೋಲು, ಮಚ್ಚುಗಳ ಸಾಲಿನಲ್ಲಿ ಪದಕಕ್ಕೂ ಪೂಜೆಯಾಗಬೇಕೆಂದು ಅಪ್ಪ ಅದನ್ನು ಮಣೆಯ ಮೇಲೆ ತಂದಿಟ್ಟ. "ಅದನ್ನ ಮುಟ್ಟೀಯ, ಜೋಕೆ!" ಅಂದ. ಹಾಗೆ ಅಂದಿದ್ದಕ್ಕೇ ಮುಟ್ಟಿದೆ. ಹುಣಸೆಹಣ್ಣು, ಬೂದಿ ಹಾಕಿ, ತೆಂಗಿನ ನಾರಿನಿಂದ ಹಲ್ಲು ಕಚ್ಚಿಕೊಂಡು ತಿಕ್ಕಿದೆ. ಪದಕವೇನೋ ಫಳಫಳ ಹೊಳೆಯಿತು. ಅದಕ್ಕೆ ಹೊಲಿದಿದ್ದ ರೇಷ್ಮೆ ಪಟ್ಟಿ ಮಾತ್ರ ಬಣ್ಣ ಬಿಟ್ಟು, ಎಳೆ ಎಳೆಯಾಗಿ, ಒಲೆ ಒರೆಸುವ ಬಟ್ಟೆಯಂತಾಯಿತು. ಅಯ್ಯಯ್ಯೋ!

ಅಪ್ಪ ನೋಡಿದವನೇ ಹೊಡೆಯಲು ಕೈಯೆತ್ತಿದ. ಅಣ್ಣ ನಡುವೆ ಬಂದು ನಿಂತ.

"ಬೇಕಂತಲೇ ಮಾಡ್ದೆ ಅಲ್ವೇನೇ?" ಎಂದು ನನ್ನನ್ನು ಕೇಳಿದ.

"ಹೂಂ! ನೀನ್ಯಾಕೆ ಬಂದೆ? ಅಪ್ಪ ನಂಗೊಬ್ಳಿಗೇ ಇರ್ಲಿ!" ಎಂದು ಕಿರುಚಿದೆ.

ಅಣ್ಣ ನಗಲಿಲ್ಲ. ಒದ್ದೆ ಪಟ್ಟಿಯನ್ನು ಹಿಂಡುತ್ತಾ ಅಪ್ಪನಿಗೆ ಹೇಳಿದ: "ಬಿಡಪ್ಪ, ಹೊಡೀಬ್ಯಾಡ. ನಾನೂ ಅಲ್ಲಿ ಒಣಕಲು ಬಿಸ್ಕತ್ತು ಕಡೀತಾ, ಈ ಹೊತ್ನಲ್ಲಿ ಪುಟ್ಟಿ ನಿನ್ನ ತಟ್ಟೇಲಿ ಮುದ್ದೆ ತಿಂತಿರ್ತಾಳಲ್ಲಾ ಅಂತ ದಿನಾ ಹೊಟ್ಟೆ ಉರ್ಕೋತಿದ್ದೆ."

ಅಪ್ಪನ ಕೈ ಹಾಗೇ ಕೆಳಗಿಳಿಯಿತು. ನಾನು ಅಣ್ಣನ ಕಾಲು ತಬ್ಬಿಕೊಂಡು ಗೋಳೋ ಎಂದು ಅತ್ತೆ. ಪದಕವನ್ನು ಪಟ್ಟಿಯಿಲ್ಲದೆಯೇ ಪೂಜೆಗಿಟ್ಟೆವು.

ಈಗ ದೇವನಹಳ್ಳಿಯಿಂದ ಎದ್ದ ವಿಮಾನಗಳು ನಮ್ಮ ತಲೆಯ ಮೇಲೇ ಹೋಗುತ್ತವೆ. ನೀವು ಕತ್ತೆತ್ತಿಯೂ ನೋಡುವುದಿಲ್ಲ. ದೂರದ ಊರಿನಲ್ಲಿರುವ ನಿಮ್ಮ ಅಕ್ಕ ಫೋನಿನಲ್ಲಿ ಮುಖ ತೋರಿಸುತ್ತಾಳೆ. "ಊಟ ಆಯ್ತೇನೇ?" ಎಂದು ನೀವು ಬಾಯ್ತುಂಬ ಅನ್ನ ಇಟ್ಟುಕೊಂಡೇ ಕೇಳುತ್ತೀರಿ. ಅದನ್ನು ನೋಡಿದರೆ ನನಗೆ ನಿಮ್ಮ ಮೇಲೂ ಹೊಟ್ಟೆಕಿಚ್ಚು. ಅಣ್ಣ ಬರ್ಮಾದ ಕಡೆ ಇದ್ದಷ್ಟು ದಿನ ಉಂಡನೋ ಇಲ್ಲವೋ ಎಂದು ಕೇಳಲು ನನಗೆ ದಾರಿಯಿರಲಿಲ್ಲ. ನಿಜ ಹೇಳಬೇಕೆಂದರೆ, ಕೇಳಬೇಕೆಂದು ನನಗೆ ಅನ್ನಿಸಿಯೂ ಇರಲಿಲ್ಲ.