ಐಬಿಲ್ಲದ ಸೀರೆಗಳು

ನಾನು ಜೀವಮಾನದಲ್ಲಿ ಒಂದೇ ಒಂದು ಸಲ ವ್ಯಾಪಾರ ಮಾಡಿದ್ದೇನೆ. ಮಾರಿದ್ದು ಆರು ಸೀರೆ, ಅವೂ ನಾನೇ ಉಟ್ಟವು. ಇದನ್ನು ಈಗ ಧೈರ್ಯವಾಗಿ ಹೇಳಿಕೊಳ್ಳುತ್ತಿರುವುದಕ್ಕೆ ನನ್ನ ತಂಗಿಯ ಮಗಳು ಕಾರಣ. ಅವಳು ಒಂದೆರಡು ಸಲ ಉಟ್ಟ ಸೀರೆಯನ್ನು ಬಾಗಿಲ ಮೇಲೆ ಇಳಿಬಿಟ್ಟು, ಫೋಟೋ ತೆಗೆದು, ಫೋನಿನಲ್ಲಿ ಹಾಕಿ, ಯಾವುದೋ ಊರಿನ ಯಾರಿಗೋ ಮಾರಿಬಿಡುತ್ತಾಳೆ. ಕೊಂಡವಳ ಮುಖ ಇವಳಿಗೆ ಗೊತ್ತಿಲ್ಲ, ಇವಳ ಮುಖ ಅವಳಿಗೆ ಗೊತ್ತಿಲ್ಲ. ಫೋಟೋದ ಕೆಳಗೆ 'ಮೊದಲೇ ಯಾರೋ ಪ್ರೀತಿಸಿದ್ದು' ಎಂಬರ್ಥದ ಇಂಗ್ಲಿಷ್ ಮಾತೊಂದನ್ನು ಬರೆಯುತ್ತಾಳೆ. ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಕಿಚ್ಚಾಯಿತು. ನಾನು ಮಾರುವಾಗ ಇಂಥದೊಂದು ಮಾತು ಸಿಕ್ಕಿದ್ದರೆ ಎಷ್ಟು ಪರದಾಟ ತಪ್ಪುತ್ತಿತ್ತು!

ನಾನು ಮಾರಿದ್ದು ದೊಡ್ಡಬಳ್ಳಾಪುರದಲ್ಲಿ, ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ. ಕೊಂಡವರೆಲ್ಲ ನಮ್ಮ ಬೀದಿ, ಹಿಂದಿನ ಬೀದಿಯವರೇ. ಬೆಳಿಗ್ಗೆ ನೀರು ಹಿಡಿಯುವಾಗ, ಸಂಜೆ ತರಕಾರಿ ಗಾಡಿಯ ಹತ್ತಿರ, ಎಲ್ಲೆಲ್ಲೂ ಅವರದೇ ಮುಖ. ಅಂಥ ಕಡೆ ಉಟ್ಟ ಸೀರೆ ಮಾರುವುದೆಂದರೆ ಸುಮ್ಮನೆ ಆಯಿತೇ?

ಇದಕ್ಕೆಲ್ಲ ಮೂಲ ಒಂದು ಚೂಡಿದಾರ್. ನಾನು ಆಗ ರೇಷ್ಮೆ ಇಲಾಖೆಯಲ್ಲಿದ್ದೆ. ಮಾಕಳಿದುರ್ಗದ ಕಡೆಯ ಹಳ್ಳಿಗಳಿಗೆ ಮೊಪೆಡ್ಡಿನಲ್ಲಿ ಹೋಗಿ, ಹಿಪ್ಪುನೇರಳೆ ತೋಟ ನೋಡಿ, ಹುಳುಗಳ ಯೋಗಕ್ಷೇಮ ವಿಚಾರಿಸಿಕೊಂಡು ಬರುವುದು ನನ್ನ ಕೆಲಸ. ನನ್ನ ಯೋಗಕ್ಷೇಮ ವಿಚಾರಿಸುವವರು ಯಾರೂ ಇರಲಿಲ್ಲ. ಒಂದು ದಿನ ಸೀರೆಯ ಸೆರಗು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಹಿಪ್ಪುನೇರಳೆ ತೋಟದ ಬದುವಿನಲ್ಲಿ ಬಿದ್ದೆ. ಮೊಪೆಡ್ಡು ನನ್ನನ್ನು ಬಿಟ್ಟರೂ ಸೀರೆಯನ್ನು ಬಿಡಲೊಲ್ಲದು. ಕಡೆಗೆ ತೋಟದ ರೈತನೇ ಓಡಿಬಂದು, "ತಪ್ಪು ತಿಳ್ಕಬ್ಯಾಡಿ ಮೇಡಂ" ಎನ್ನುತ್ತ ಮುಖ ಅತ್ತ ತಿರುಗಿಸಿಕೊಂಡು ಕುಡುಗೋಲಿನಿಂದ ಸೆರಗನ್ನು ಕೊಯ್ದ. ಮುಖ ತಿರುಗಿಸಿಕೊಂಡು ಕುಡುಗೋಲು ಆಡಿಸಿದ್ದು ನೋಡಿ ನನಗೆ ಬಿದ್ದದ್ದಕ್ಕಿಂತ ಹೆಚ್ಚು ಗಾಬರಿಯಾಯಿತು. ಅವನು ನೆನೆಸಿದ್ದು ನನ್ನ ಮರ್ಯಾದೆ, ನಾನು ನೆನೆಸಿದ್ದು ನನ್ನ ಕತ್ತು.

ಮನೆಗೆ ಬಂದವಳೇ, ಇನ್ನು ಚೂಡಿದಾರ್ ಹೊಲಿಸಿಕೊಳ್ಳುತ್ತೇನೆ ಎಂದು ಸಾರಿದೆ. ನಮ್ಮತ್ತೆ ನನ್ನ ತರಚಿದ ಮಂಡಿಗೆ ಅರಿಶಿನ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಬೀಳೋದು ಬ್ಯಾಡ ಅಂತೀಯ, ಸರಿ ಕಣವ್ವಾ. ಆದ್ರೆ ಮದ್ವೆಯಾದ ಹೆಣ್ಣು ಅದನ್ನ ತೊಟ್ಕಂಡು ಈ ಬೀದೀಲಿ ಹೆಂಗೆ ಹೋಯ್ತೀಯ? ಬೀದಿಯೋರು ಏನಂತಾರೆ?" ಎಂದರು. ಆಗ ನಮ್ಮೂರಿನಲ್ಲಿ ಚೂಡಿದಾರ್ ಎಂದರೆ ಕಾಲೇಜು ಹುಡುಗಿಯರದು. ಕತ್ತಿಗೆ ತಾಳಿ ಬಿದ್ದ ಮೇಲೆ ಸೀರೆಯೇ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ಟ್ರಂಕಿನಲ್ಲಿ ಆರು ಸೀರೆ ಬಿದ್ದಿವೆ. ಅವನ್ನ ಮಾರಿ ಏನು ಬೇಕಾದ್ರೂ ತಗೋ" ಎಂದರು. ತಮಾಷೆಗೆ ಅಂದದ್ದು. ನಾನು ನೆಲಮಂಗಲದ ಕಡೆಯವಳು, ತಮಾಷೆಯನ್ನು ಸವಾಲೆಂದು ತೆಗೆದುಕೊಳ್ಳುವ ಜಾತಿ.

ಆರೂ ನನ್ನ ಮದುವೆ ಕಾಲದ ಸೀರೆಗಳು. ಅಪ್ಪ ನನ್ನನ್ನು ಕರೆದುಕೊಂಡು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ, ಅಂಗಡಿ ಅಂಗಡಿ ಅಲೆದು, ಬೆಂಗಳೂರು ಸೀರೆ ಎಂದು ಹೆಮ್ಮೆಯಿಂದ ಕೊಡಿಸಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಅವುಗಳಲ್ಲಿ ಹೆಚ್ಚಿನವು ನನ್ನ ಗಂಡನ ಮನೆಯ ಹಿಂದಿನ ಬೀದಿಯಲ್ಲೇ ಹುಟ್ಟಿದವು ಎಂದು. ನಾನೂ ಅವೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಊರು ಸೇರಿದ್ದೆವು. ಆದರೆ ಅವು ಮೈತುಂಬ ಹೊಳೆಯುವ ಆರ್ಟ್ ಸಿಲ್ಕುಗಳು, ಅಂದರೆ ಕೃತಕ ರೇಷ್ಮೆ. ಹುಳು ಸಾಕುವ ಮನೆಗೆ ಉಟ್ಟುಕೊಂಡು ಹೋದರೆ ಹುಳುಗಳೇ ಬೆದರಬೇಕು.

ಮೊದಲು ಪಾತ್ರೆಯವಳನ್ನು ಕೇಳಿದೆ. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು, ಹಳೇ ಬಟ್ಟೆಗೆ ಪಾತ್ರೆ ಕೊಡುವವಳು. ಆರೂ ಸೀರೆಯನ್ನು ಒಂದೇ ಕೈಯಲ್ಲಿ ಎತ್ತಿ ತೂಗಿ, ಒಂದು ಟೀ ಸೋಸುವ ಜಾಲರಿ ತೋರಿಸಿದಳು. ನಾನು ಬೆಪ್ಪಾಗಿ ನಿಂತದ್ದು ಕಂಡು, "ಪ್ಯಾಂಟಿದ್ರೆ ಕೊಡಕ್ಕಾ, ಡಬರಿ ಕೊಡ್ತೀನಿ" ಎಂದಳು. ನಮ್ಮನೆಯವರ ಪ್ಯಾಂಟಿಗೆ ಡಬರಿ, ನನ್ನ ಮದುವೆ ಸೀರೆಗಳಿಗೆ ಜಾಲರಿ! ಅವಳನ್ನು ಅಲ್ಲಿಂದಲೇ ಕಳಿಸಿಬಿಟ್ಟೆ.

ಹಳೆಯದು ಎಂಬ ಮಾತೇ ವಿಚಿತ್ರ. ಅಡುಗೆಮನೆಯಲ್ಲಿ ಅದಕ್ಕೆ ಬಹಳ ಗೌರವ: ಹಳೇ ಅಕ್ಕಿ, ಹಳೇ ಹುಣಿಸೆಹಣ್ಣು. ಎರಡು ಸೂಲು ಕಂಡ ಎಮ್ಮೆಯನ್ನು ನೆಚ್ಚಿಕೊಂಡು ಕೊಳ್ಳುತ್ತೇವೆ. ಬಟ್ಟೆಗೆ ಮಾತ್ರ ಆ ಭಾಗ್ಯ ಇಲ್ಲ. ನಿಜ ನೋಡಿದರೆ ರೇಷ್ಮೆ ಸೀರೆಗಿಂತ ಸೆಕೆಂಡ್ ಹ್ಯಾಂಡ್ ಬಟ್ಟೆ ಇನ್ನೊಂದಿಲ್ಲ. ಮೊದಲು ಅದನ್ನು ಉಟ್ಟದ್ದು ಹುಳು. ಉಟ್ಟದ್ದಷ್ಟೇ ಅಲ್ಲ, ಬಾಯಿಂದ ಉಗಿದು ಉಟ್ಟದ್ದು. ಆ ಎಂಜಲನ್ನು ನಾವು ಮಡಿ ಎಂದು ದೇವರ ಮುಂದೆ ಉಟ್ಟುಕೊಳ್ಳುತ್ತೇವೆ. ಪಕ್ಕದ ಮನೆಯವಳು ಒಂದು ಸಲ ಉಟ್ಟು ಒಗೆದಿಟ್ಟದ್ದು ಮಾತ್ರ ಮೈಲಿಗೆ. ಇದನ್ನು ಒಂದು ಸಲ ಅತ್ತೆಯ ಮುಂದೆ ಹೇಳಿದ್ದೆ. "ಹುಳ ನಮ್ಮ ಬೀದಿಲಿಲ್ವಲ್ಲವ್ವಾ" ಎಂದುಬಿಟ್ಟರು.

ಕಡೆಗೆ ಬೀದಿ ಮೂಲೆಯ ಶೆಟ್ಟರ ಅಂಗಡಿಗೆ ಹೋಗಿ, "ಸೆಕೆಂಡ್ ಹ್ಯಾಂಡ್ ಸೀರೆ ಮಾರಾಟಕ್ಕಿವೆ ಅಂತ ಒಂದು ರಟ್ಟಿನ ಮೇಲೆ ಬರೆದು ತಗುಲಿಹಾಕಿ" ಎಂದೆ. ಶೆಟ್ಟರು ಬೆಲ್ಲ ತೂಗುತ್ತ ಆಗಲಿ ಎಂದರು. ಮಾರನೆಯ ದಿನ ನೋಡಿದರೆ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ, 'ಸೆಕೆಂಡ್ಸ್ ಸೀರೆ ಸಿಗುತ್ತವೆ. ರೇಷ್ಮೆ ಮೇಡಂ ಮನೆಯಲ್ಲಿ ವಿಚಾರಿಸಿ.'

ಶೆಟ್ಟರ ತಪ್ಪೇನಿಲ್ಲ. ಹಗಲೂ ರಾತ್ರಿ ಮಗ್ಗದ ಸದ್ದು ಕೇಳುವ ಆ ಊರಿನಲ್ಲಿ ಸೆಕೆಂಡ್ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ನೇಯುವಾಗ ಎಲ್ಲೋ ಒಂದು ಎಳೆ ತಪ್ಪಿರುತ್ತದೆ, ಮಗ್ಗದ ಎಣ್ಣೆ ಚಿಮ್ಮಿರುತ್ತದೆ. ಅಂಥ ಸೀರೆಯನ್ನು ಸಗಟು ವ್ಯಾಪಾರಿ ಮುಟ್ಟುವುದಿಲ್ಲ, ಅದು ಊರಿನಲ್ಲೇ ಅಗ್ಗಕ್ಕೆ ಹೋಗುತ್ತದೆ. ಅದು ಸೆಕೆಂಡ್ಸ್. ಹೊಸ ಸೀರೆಯೇ, ಆದರೆ ಐಬಿದ್ದದ್ದು. ಊರಿನ ಅರ್ಧ ಹೆಂಗಸರು ಉಡುವುದು ಅದನ್ನೇ. ಐಬನ್ನು ಹುಡುಕುವುದೂ, ಅದನ್ನು ನೆರಿಗೆಯೊಳಗೆ ಮುಚ್ಚುವುದೂ ಅಲ್ಲಿನ ಹೆಣ್ಣುಮಕ್ಕಳಿಗೆ ರಂಗೋಲಿ ಹಾಕಿದಷ್ಟೇ ಸಲೀಸು.

ಮೊದಲು ಬಂದವರು ಎದುರು ಮನೆಯ ಸಾವಿತ್ರಮ್ಮ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೀರೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಗೇಣು ಗೇಣಾಗಿ ಬೆರಳಾಡಿಸಿದರು.

"ಐಬೆಲ್ಲೈತೆ?"

"ಐಬಿಲ್ಲ ಸಾವಿತ್ರಮ್ಮ."

"ಐಬಿಲ್ದ ಮ್ಯಾಲೆ ಸೆಕೆಂಡ್ಸ್ ಹೆಂಗಾಯ್ತು?"

ನಾನು ಉಟ್ಟದ್ದು ಎಂದು ಹೇಳಲು ಬಾಯಿ ತೆರೆದೆ. ಅಡುಗೆಮನೆಯಿಂದ ಅತ್ತೆ ಜೋರಾಗಿ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು. ಸೊಸೆ ಉಟ್ಟ ಸೀರೆ ಮಾರಿಕೊಂಡು ತಿನ್ನುತ್ತಾರೆ ಎಂದು ಊರೆಲ್ಲ ಆಡಿಕೊಳ್ಳುವುದು ಬೇಡ ಎಂದು. ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿಕೊಂಡೆ. ಸಾವಿತ್ರಮ್ಮ, "ಏನೋ ಐತೆ ಬಿಡು, ನೀನು ಹೇಳ್ತಿಲ್ಲ" ಎಂದು ಎದ್ದು ಹೋದರು. ಆಮೇಲೆ ನಾಲ್ವರು ಬಂದರು. ನಾಲ್ವರೂ ಐಬು ಹುಡುಕಿದರು, ಸಿಗಲಿಲ್ಲವೆಂದು ಬೇಜಾರು ಮಾಡಿಕೊಂಡು ಹೋದರು. ಸರಕು ಚೆನ್ನಾಗಿದೆ ಎಂಬ ಕಾರಣಕ್ಕೆ ವ್ಯಾಪಾರ ಕೆಟ್ಟದ್ದು ನನ್ನೊಬ್ಬಳದೇ ಇರಬೇಕು.

ಅತ್ತೆ ಇದನ್ನೆಲ್ಲ ನೋಡುತ್ತಲೇ ಇದ್ದರು. ಅವರದೊಂದು ಪದ್ಧತಿ. ಉಟ್ಟ ಬಟ್ಟೆ ಯಾರಿಗೇ ಕೊಡಲಿ, ಅದರಿಂದ ಒಂದು ಎಳೆ ಕಿತ್ತು ದೇವರ ಮನೆಯ ಡಬ್ಬಿಯಲ್ಲಿ ಇಡಬೇಕು. ಬಟ್ಟೆ ಹೋದರೂ ಮನೆಯ ಲಕ್ಷ್ಮಿ ಅದರ ಹಿಂದೆ ಹೋಗಬಾರದೆಂದು. ಸಾಮಾನ್ಯವಾಗಿ ಅಂಚಿನ ತುದಿಯಲ್ಲಿ ಸಡಿಲವಾಗಿರುವ ಒಂದು ಎಳೆ, ಕಿತ್ತದ್ದೇ ಗೊತ್ತಾಗುವುದಿಲ್ಲ. ಮೂರನೆಯ ದಿನ ನಾನು ಹಳ್ಳಿಯಿಂದ ಬಂದು ನೋಡುತ್ತೇನೆ, ಆರೂ ಸೀರೆಗಳ ಎಳೆ ಕಿತ್ತಾಗಿದೆ. ಅದೂ ತುದಿಯಲ್ಲಲ್ಲ, ಸೆರಗಿನ ಒಂದಂಗುಲ ಒಳಗೆ, ಗೇಣುದ್ದ! ಸೀರೆಯಲ್ಲಿ ಸಣ್ಣ ಗೆರೆ ಎಳೆದಂತೆ ಬೆಳಕು ತೂರುತ್ತಿತ್ತು. ನನಗೆ ಅಳುವೇ ಬಂತು.

"ಕಣ್ಣು ಕಾಣ್ಲಿಲ್ಲ ಕಣವ್ವಾ" ಎಂದರು ಅತ್ತೆ, ಮೊರದಲ್ಲಿದ್ದ ಅಕ್ಕಿಯಿಂದ ಸಾಸಿವೆಯಷ್ಟು ಕಲ್ಲನ್ನು ಹೆಕ್ಕಿ ಎಸೆಯುತ್ತ.

ಅಷ್ಟರಲ್ಲಿ ಸಾವಿತ್ರಮ್ಮ ಮತ್ತೆ ಬಂದರು. ಸೀರೆ ಬಿಚ್ಚಿದರು, ಬೆಳಕಿಗೆ ಹಿಡಿದರು. "ಹಾಂ, ಇಲ್ಲೈತೆ ನೋಡು! ಮೊನ್ನೆ ಎಷ್ಟು ಹುಡುಕ್ದೆ! ಐಬು ಇಟ್ಕಂಡು ಇಲ್ಲ ಅಂತೀಯಲ್ಲ, ನೀನೂ ಸರಿ!" ಅವರ ಮುಖ ಅರಳಿಹೋಯಿತು. ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಎರಡು ದಿನದಲ್ಲಿ ಐದು ಸೀರೆ ಮನೆ ಬಿಟ್ಟವು. ನಾನು ಚೂಡಿದಾರಿನ ಬಟ್ಟೆ ತಂದು ಹೊಲಿಯಲು ಕೊಟ್ಟೆ. ಆದರೆ ಟೈಲರ್ ಅಳತೆ ತೆಗೆಯುವಾಗ ಸಂತೋಷವೇ ಆಗಲಿಲ್ಲ. ಉಟ್ಟದ್ದನ್ನು ಹೊಸದೆಂದು ಕೊಟ್ಟೆನಲ್ಲ, ದಿನವೂ ಮುಖ ನೋಡುವ ಹೆಂಗಸರಿಗೆ ಮೋಸ ಮಾಡಿದೆನಲ್ಲ ಎಂದು ಒಳಗೊಳಗೇ ಕೊರೆಯುತ್ತಿತ್ತು.

ಆರನೆಯ ಸೀರೆಗೆ ಬಂದವರು ಹಿಂದಿನ ಬೀದಿಯ ನರಸಮ್ಮ. ಸ್ವತಃ ಮಗ್ಗ ನಡೆಸುವಾಕೆ. ಅವರು ಸೀರೆಯನ್ನು ಬೆಳಕಿಗೂ ಹಿಡಿಯಲಿಲ್ಲ. ಕಿತ್ತ ಎಳೆಯ ಮೇಲೆ ಹೆಬ್ಬೆರಳು ಎಳೆದು, "ಇದು ಮಗ್ಗದಲ್ಲಿ ತಪ್ಪಿದ್ದಲ್ಲ. ಯಾರೋ ಕೈಯಲ್ಲಿ ಕಿತ್ತವ್ರೆ. ಈಗ ಮೂರ್ನಾಕು ದಿನ ಆಗಿರ್ಬೇಕು" ಎಂದರು.

ಅಡುಗೆಮನೆಯಿಂದ ಈ ಸಲ ಕೆಮ್ಮು ಬರಲಿಲ್ಲ. ನಾನು ಎಲ್ಲ ಹೇಳಿಬಿಟ್ಟೆ. ಮೊಪೆಡ್ಡು, ಚೂಡಿದಾರ್, ಶೆಟ್ಟರ ರಟ್ಟು, ಅತ್ತೆಯ ಪದ್ಧತಿ, ಐದು ಮನೆಯವರಿಗೆ ಸುಳ್ಳು ಹೇಳಿದ್ದು. "ನಾಳೆ ಹೋಗಿ ಎಲ್ಲರ ಸೀರೆ ವಾಪಸ್ ತಗೊಳ್ತೀನಿ ನರಸಮ್ಮ, ನೀವು ಯಾರಿಗೂ ಹೇಳಬೇಡಿ" ಎಂದೆ.

ನರಸಮ್ಮ ನಗಲು ಶುರುಮಾಡಿದವರು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ.

"ಅಯ್ಯೋ ಹುಚ್ಚವ್ವಾ! ಈ ಊರಲ್ಲಿ ಸೀರೆ ಮುಟ್ಟಿದ್ರೆ ಉಟ್ಟಿದ್ದೋ ಇಲ್ವೋ ಗೊತ್ತಾಗ್ದೆ ಇರೋ ಹೆಂಗಸು ಯಾರವ್ಳೆ? ಭುಜದ ಹತ್ರ ನಿನ್ ಪಿನ್ನಿನ ತೂತು ಹಂಗಂಗೇ ಐತೆ. ಎಲ್ರಿಗೂ ಗೊತ್ತು. ಉಟ್ಟ ಸೀರೆ ತಗಂಡ್ಲು ಅಂದ್ರೆ ಮಾನ ಹೋಯ್ತದೆ. ಸೆಕೆಂಡ್ಸ್ ತಗಂಡ್ಲು ಅಂದ್ರೆ ಜಾಣೆ ಅಂತಾರೆ. ಹಂಗನ್ನಕ್ಕೆ ಒಂದು ಐಬು ಬೇಕಿತ್ತು ಅಷ್ಟೆ. ವಾಪಸ್ ಗೀಪಸ್ ಅಂತ ಹೋಗಿ ಪಾಪ ಅವ್ರ ಮಾನ ಕಳೀಬ್ಯಾಡ."

ನಾನು ಅಡುಗೆಮನೆಯ ಕಡೆ ನೋಡಿದೆ. ಅತ್ತೆ ಬೆನ್ನು ತಿರುಗಿಸಿಕೊಂಡು ಬಹಳ ಶ್ರದ್ಧೆಯಿಂದ ಒಲೆ ಒರೆಸುತ್ತಿದ್ದರು. ಆ ಬೆನ್ನಿನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಹೋಗಿ ತಬ್ಬಿಕೊಳ್ಳಬೇಕೆನಿಸಿತು. ನಮ್ಮ ಕಡೆ ಅತ್ತೆಯನ್ನು ತಬ್ಬಿಕೊಳ್ಳುವ ಪದ್ಧತಿ ಇಲ್ಲ.

ನರಸಮ್ಮ ಹೊರಡಲಿಲ್ಲ. ಸೀರೆಯನ್ನು ತೊಡೆಯ ಮೇಲೆ ಹರಡಿ ಸವರುತ್ತ ಕೂತರು. "ಈ ಅಂಚು ನಮ್ಮೂರಲ್ಲಿ ಎರಡೇ ಮನೆಯೋರು ನೇಯ್ತಿದ್ದಿದ್ದು. ನಮ್ಮ ಮಗ್ಗದ್ದೇ ಅಂತ ಆಣೆ ಮಾಡಿ ಹೇಳಕಾಗಲ್ಲ. ನಮ್ಮ ಕೈಲಿದ್ದಾಗ ರಟ್ಟಿನಂಗಿರ್ತದೆ ಕಣವ್ವಾ. ಮಡಚಿ ಕಳಿಸ್ತೀವಿ, ಮುಗೀತು. ಉಟ್ಟ ಮ್ಯಾಲೆ ಹಿಂಗೆ ಮೆತ್ತಗಾಯ್ತದೆ ಅಂತ ಇವತ್ತೇ ನೋಡಿದ್ದು" ಎಂದರು. ಇದನ್ನು ಉಟ್ಟು ಎಲ್ಲೆಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ನಾದಿನಿಯ ಸೀಮಂತಕ್ಕೆ, ಘಾಟಿ ದೇವಸ್ಥಾನಕ್ಕೆ, ಅಪ್ಪನ ಷಷ್ಟಿಪೂರ್ತಿಗೆ ಎಂದು ಹೇಳಿದೆ. ಪ್ರತಿಯೊಂದಕ್ಕೂ, ದೂರದ ಊರಿಗೆ ಕೊಟ್ಟ ಮಗಳ ಸುದ್ದಿ ಕೇಳುವವರಂತೆ ಹೂಂಗುಟ್ಟಿದರು. ಸೀರೆ ತೆಗೆದುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಚೂಡಿದಾರ್ ತೊಟ್ಟು, ವೇಲನ್ನು ಎರಡೂ ಭುಜಕ್ಕೆ ಪಿನ್ನು ಹಾಕಿ ಬಿಗಿದು, ಮೊಪೆಡ್ಡು ಹೊರಗೆ ತಂದು ತಳ್ಳಿಕೊಂಡು ಹೊರಟೆ. ಬೀದಿ ಅಷ್ಟು ಉದ್ದ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಜಗಲಿಯ ಮೇಲೆ ರಿಟೈರ್ಡ್ ಮೇಷ್ಟ್ರು ಪೇಪರ್ ಓದುತ್ತಿದ್ದರು. ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ದಿನವೂ ಪೇಪರ್ ಓದುವವರು, ಬೀದಿಗೆಲ್ಲ ಬುದ್ಧಿ ಹೇಳುವವರು. ಕನ್ನಡಕ ಮೇಲೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಮ್ಮಾ ಇದು, ಮದುವೆಯಾದ ಹೆಣ್ಣುಮಗಳು?" ಎಂದರು. ನನ್ನ ಕಾಲು ಅಲ್ಲೇ ನಿಂತುಹೋಯಿತು. ಹಿಂದೆ ತಿರುಗಿ ಮನೆಗೆ ಹೋಗಿ ಸೀರೆ ಉಟ್ಟುಕೊಂಡುಬಿಡಲೇ ಎನಿಸಿತು.

ಎರಡು ಬೀದಿಗೂ ಒಂದೇ ಆದ ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದ ನರಸಮ್ಮ ತಲೆ ಎತ್ತಲೂ ಇಲ್ಲ. "ಅದು ರೇಷ್ಮೆ ಇಲಾಖೆ ಯೂನಿಫಾರಂ ಮೇಷ್ಟ್ರೇ. ಸರ್ಕಾರದೋರು ಹೊಸದಾಗಿ ಮಾಡವ್ರೆ" ಎಂದರು.

ನಾನು ಬೆರಗಾಗಿ ಅವರನ್ನೇ ನೋಡಿದೆ. ಅಷ್ಟರಲ್ಲಿ ಎದುರು ಬಾಗಿಲಿನಿಂದ ಸಾವಿತ್ರಮ್ಮ, "ಹೂಂ, ತೊಡ್ದೆ ಇದ್ರೆ ಸಂಬಳ ಹಿಡೀತಾರಂತೆ. ಪೇಪರ್‌ನಾಗೂ ಬಂದಿತ್ತಲ್ಲ" ಎಂದು ಸೇರಿಸಿದರು. ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.

ಮೇಷ್ಟ್ರು ಸಾಲಿನ ಕಡೆ ನೋಡಿದರು, ನನ್ನ ಚೂಡಿದಾರಿನ ಕಡೆ ನೋಡಿದರು, ಕೈಯಲ್ಲಿದ್ದ ಪೇಪರನ್ನು ನಿಧಾನವಾಗಿ ಮಡಚಿದರು.

"ಹೌದೌದು," ಎಂದರು. "ನಾನೂ ಓದಿದೆ."